ಬಾಗಿಲಿಗೆ ಕಟ್ಟಿದ ಬೇವು

ರಾವಂದೂರಿನಿಂದ ಹುಣಸೂರಿಗೆ ಸಂಸಾರ ಸಾಗಿಸಿದಾಗ ನನ್ನ ದೊಡ್ಡ ಮಗುವಿಗೆ ಮೂರು ವರ್ಷ, ಚಿಕ್ಕದು ಅಂಬೆಗಾಲಿಡುತ್ತಿತ್ತು. ನಮ್ಮ ಯಜಮಾನರಿಗೆ ಮರದ ಡಿಪೋದಲ್ಲಿ ಗಾಡಿ ಹೊಡೆಯುವ ಕೆಲಸ ಸಿಕ್ಕಿತ್ತು. ಹೆಗ್ಗಡದೇವನಕೋಟೆಯ ಕಾಡಿಗೆ ಹೋದರೆಂದರೆ ಹದಿನೈದು ದಿನ ಮುಖ ಕಾಣುತ್ತಿರಲಿಲ್ಲ. ಗೊತ್ತಿಲ್ಲದ ಊರಿನಲ್ಲಿ ಎರಡು ಕೂಸು ಕಟ್ಟಿಕೊಂಡು ಒಬ್ಬಳೇ ಹೇಗಿರುತ್ತೀಯ ಎಂದು ಎಲ್ಲರೂ ಕೇಳಿದರು. ಇರುತ್ತೇನೆ ಎಂದೆ, ಇದ್ದೆ. ವಾರದೊಳಗೆ ಒಲೆ ಹಾಕಿ, ಗೋಡೆಗೆ ಕೆಮ್ಮಣ್ಣು ಬಳಿದು, ಹಿತ್ತಲಲ್ಲಿ ಅವರೆ ಊರಿದೆ. ಇದನ್ನು ಈಗಲೂ ಹೆಮ್ಮೆಯಿಂದಲೇ ಹೇಳುತ್ತೇನೆ. ಆದರೆ ಹೇಳುವಾಗಲೆಲ್ಲ ಒಂದನ್ನು ಬಿಟ್ಟು ಹೇಳಿದ್ದೇನೆ. ನಾನು ಒಬ್ಬಳೇ ಇರಲಿಲ್ಲ. ಒಂಬತ್ತು ವರ್ಷದ ನನ್ನ ತಂಗಿ ಜೊತೆಗಿದ್ದಳು.

ಅವಳನ್ನು ಕಳಿಸುವಾಗ ಅವ್ವ ಒಂದೇ ಮಾತು ಕೇಳಿದ್ದಳು. "ಪ್ಯಾಟೇಲಿ ಎಣ್ಮಕ್ಕಳ ಇಸ್ಕೂಲು ಅದಂತಲ್ಲ, ಇವಳ್ನ ಸೇರುಸ್ತೀಯಾ?"

ಸೇರಿಸುತ್ತೇನೆ ಎಂದಿದ್ದೆ. ಊರಿನ ಜಗಲಿ ಶಾಲೆಯಲ್ಲಿ ಮೂರು ವರ್ಷ ಮರಳಿನ ಮೇಲೆ ಬರೆದವಳು ನಾನು. ಓದಲು ಬರುವುದು ಎಂಥ ದೊಡ್ಡದೆಂದು ನನಗೆ ಗೊತ್ತಿತ್ತು. ಆಗ ಸುಳ್ಳಾಡುವ ಮನಸ್ಸಿರಲಿಲ್ಲ.

ನಮ್ಮ ಬೀದಿಗೆ ಹೊಳೆ ದೂರ. ನಾನು ಬಿಂದಿಗೆ ಹಿಡಿದು ಹೋದರೆ ಮಕ್ಕಳನ್ನು ನೋಡುವವರು ಬೇಕು, ತಂಗಿ ಹೋದರೆ ನಾನು ಒಲೆ ಮುಂದೆ ಕೂರಬಹುದು. ಚಿಕ್ಕದಂತೂ ಅವಳ ಸೊಂಟದಿಂದ ಇಳಿಯುತ್ತಿರಲಿಲ್ಲ. ನಾಳೆ ಸೇರಿಸೋಣ, ಸೋಮವಾರ ಸೇರಿಸೋಣ ಎನ್ನುತ್ತ ಎರಡು ತಿಂಗಳು ಕಳೆಯಿತು.

ಶಾಲೆಗೆ ಹುಡುಗಿಯರು ಸಾಲದೆ ಉಪಾಧ್ಯಾಯಿನಿಯೇ ಮನೆ ಮನೆ ತಿರುಗುತ್ತಿದ್ದ ಕಾಲ. ನಮ್ಮ ಬಾಗಿಲಿಗೂ ಬಂದರು. ತಂಗಿಯನ್ನು ನೋಡಿ, "ಗುರುವಾರ ಹೆಸರು ಬರೆಯೋದಕ್ಕೆ ಕಡೇ ದಿನ. ನಾನೇ ಬಂದು ಕರ್ಕೊಂಡು ಹೋಗ್ತೀನಿ" ಎಂದರು. ಯಜಮಾನರು ಮನೆಯಲ್ಲಿದ್ದರು. "ಆಗ್ಲಿ ಅಮ್ಮಾವ್ರೇ" ಎಂದು ಕೈಮುಗಿದರು. ಮಾರನೆಯ ದಿನ ಗಾಡಿ ಕಟ್ಟಿಕೊಂಡು ಕಾಡಿಗೆ ಹೋದವರು ಆ ಸಲ ತಿಂಗಳಾದ ಮೇಲೆಯೇ ಬಂದರು.

ಬುಧವಾರವೇ ತಂಗಿ ಲಂಗ ಒಗೆದು ಒಣಹಾಕಿದಳು. "ಬಳಪ ಅವರೇ ಕೊಡ್ತರಂತೆ ಕಣಕ್ಕ" ಎಂದಳು.

ಗುರುವಾರ ಬೆಳಿಗ್ಗೆ ಹಿತ್ತಲಿನ ಬೇವಿನ ಮರದಿಂದ ಒಂದು ಕೊಂಬೆ ಮುರಿದು ಮುಂಬಾಗಿಲಿಗೆ ಕಟ್ಟಿದೆ. ಬಾಗಿಲಿಗೆ ಬೇವು ಕಟ್ಟಿದರೆ ಆ ಮನೆಗೆ ಅಮ್ಮ ಬಂದಿದ್ದಾಳೆ, ಯಾರಿಗೋ ಸಿಡುಬು ಎದ್ದಿದೆ ಎಂದರ್ಥ. ಹೊರಗಿನವರು ಹೊಸಿಲು ದಾಟುವುದಿಲ್ಲ. ಉಪಾಧ್ಯಾಯಿನಿ ಬೀದಿಯಲ್ಲೇ ನಿಂತರು.

"ಯಾರಿಗಮ್ಮ?"

"ನನ್ನ ತಂಗಿಗೆ" ಎಂದೆ ಒಳಗಿನಿಂದ.

"ಪಾಪ, ಹುಷಾರಾಗಲಿ. ಮುಂದಿನ ವರ್ಷ ನೋಡೋಣ."

ಒಗೆದ ಲಂಗ ಉಟ್ಟು ತಂಗಿ ನನ್ನ ಹಿಂದೆಯೇ ನಿಂತಿದ್ದಳು. ಒಂದು ಮಾತಾಡಿದ್ದರೆ ನನ್ನ ಸುಳ್ಳು ಅಲ್ಲಿಗೇ ಮುಗಿಯುತ್ತಿತ್ತು. ಮಾತಾಡಲಿಲ್ಲ.

ಅವರು ಬೀದಿ ತಿರುಗಿದ ಮೇಲೆ ಕೊಂಬೆ ಬಿಚ್ಚಿ ಎಸೆದರಾಯಿತು ಎಂದುಕೊಂಡಿದ್ದೆ. ಎದುರು ಮನೆಯ ಅಜ್ಜಿ ಅಷ್ಟರಲ್ಲಿ ಜಗಲಿಯಿಂದಲೇ ಕೂಗಿದಳು. "ಏನವ್ವಾ, ಅಮ್ಮ ಬಂದವ್ಳಾ? ಒಗ್ಗರಣೆ ಗಿಗ್ಗರಣೆ ಆಕ್ಬುಟ್ಟೀಯ, ಮುನಿಸ್ಕತಾಳೆ. ನೀರಿಗೆ ನೀ ಬರ್ಬ್ಯಾಡ, ನಾವ್ ತಂದಾಕ್ತೀವಿ ಬುಡು."

ಇನ್ನು ಬಿಚ್ಚುವುದು ಹೇಗೆ? ಮೂರು ವಾರ ತಂಗಿ ಒಳಮನೆಯಲ್ಲಿ ಕುಳಿತಳು. ನೀರು ಹೊರುವ ಕೈ ಉಳಿಸಿಕೊಳ್ಳಲು ಸುಳ್ಳು ಹೇಳಿದವಳಿಗೆ ಆ ಕೈಯೇ ಇಲ್ಲವಾಯಿತು. ಆದರೂ ನೀರಿಗೆ ಕಡಿಮೆಯಾಗಲಿಲ್ಲ. ದಿನಾ ಬೆಳಿಗ್ಗೆ ಬಾಗಿಲ ಮುಂದೆ ನಾಲ್ಕು ಬಿಂದಿಗೆ ನೀರು, ಒಂದು ಕುಡಿಕೆ ಮಜ್ಜಿಗೆ ಇರುತ್ತಿತ್ತು. ನಮ್ಮ ಮನೆಗೆ ವಾಸನೆ ತಗಲಬಾರದೆಂದು ಎರಡೂ ಪಕ್ಕದವರು ತಮ್ಮ ಮನೆಯಲ್ಲೂ ಒಗ್ಗರಣೆ ನಿಲ್ಲಿಸಿದರು. ಗೋಡೆಯಾಚೆ ಒಬ್ಬ ಗಂಡಸು ತಾಯಿಯ ಹತ್ತಿರ ಗೊಣಗುವುದು ಕೇಳಿಸುತ್ತಿತ್ತು.

"ಇನ್ನೆಷ್ಟು ದಿನವ್ವಾ ಈ ಕಲಗಚ್ಚು?"

"ಸುಮ್ನೆ ಉಣ್ಲಾ. ಆ ಮಗ ಉಳ್ಕಳ್ಳಿ."

ಅದನ್ನು ಕೇಳಿ ತಂಗಿ ಬಾಯಿಗೆ ಕೈ ಅಡ್ಡವಿಟ್ಟುಕೊಂಡು ನಕ್ಕಳು. ನನಗೆ ನಗು ಬರಲಿಲ್ಲ. ಅಮ್ಮನ ಹೆಸರಿನಲ್ಲಿ ಸುಳ್ಳಾಡಿದ್ದಕ್ಕೆ ನಿಜವಾಗಿಯೇ ಬಂದುಬಿಟ್ಟಾಳೆಂದು ದಿನಕ್ಕೆ ಹತ್ತು ಸಲ ಮಕ್ಕಳ ಮೈ ಮುಟ್ಟಿ ನೋಡುತ್ತಿದ್ದೆ.

ಆ ದಿನಗಳಲ್ಲೇ ತಂಗಿ ಕೇಳಿದಳು. "ನಿಂಗೆ ಬತ್ತದಲ್ಲಕ್ಕ, ನೀನೇ ಕಲ್ಸು."

ಮೊರದಲ್ಲಿ ರಾಗಿ ಹಿಟ್ಟು ಹರಡಿ, ಅವಳ ಬೆರಳು ಹಿಡಿದು ಎರಡು ದಿನ ತಿದ್ದಿಸಿದೆ. ಅ, ಆ, ಇ ದಾಟಿ 'ಈ' ಅಕ್ಷರದ ತನಕ ಬಂದಳು, ಚುರುಕಾಗಿದ್ದಳು. ಮೂರನೆಯ ದಿನ ಕೂಸು ಅತ್ತಿತು, ಎದ್ದೆ. ಮತ್ತೆ ಕೂರಲಿಲ್ಲ. ಬೇವು ಕಟ್ಟಿದ್ದಕ್ಕಾದರೂ ಊರು ಹೊಸದು, ಹೆದರಿದ್ದೆ ಎಂದು ನೆಪ ಹೇಳಬಹುದು. ಇದಕ್ಕೆ ನನ್ನಲ್ಲಿ ನೆಪವಿಲ್ಲ.

ಮೂರು ವಾರವಾದ ಮೇಲೆ ಬೀದಿಯ ಹೆಂಗಸರೇ ತಂಬಿಟ್ಟು ಮಾಡಿಕೊಂಡು ಬಂದು ನಮ್ಮನ್ನು ಮಾರಿಗುಡಿಗೆ ಕರೆದುಕೊಂಡು ಹೋದರು. ಎದುರು ಮನೆಯ ಅಜ್ಜಿ ತಂಗಿಯ ಗಲ್ಲ ಹಿಡಿದು ಮುಖ ತಿರುಗಿಸಿ ತಿರುಗಿಸಿ ನೋಡಿದಳು. "ಒಂದ್ ಕಲೇನೂ ಬುಡದಂಗೆ ವೋದ್ಲಲ್ಲ ತಾಯಿ. ಪುಣ್ಯವಂತೆ ಕಣ್ಮಗ ನೀನು." ತಂಗಿ ನನ್ನ ಕಡೆ ನೋಡಿದಳು. ನಾನು ತಂಬಿಟ್ಟಿನ ತಟ್ಟೆ ನೋಡಿದೆ.

ಅಲ್ಲಿಯವರೆಗೆ ಬೀದಿಗೆ ನಾವು ರಾವಂದೂರಿನವರಾಗಿದ್ದೆವು. ಅಂದಿನಿಂದ ಅವರ ಮನೆಯವರೇ ಆದೆವು. ಹುಣಸೂರಿನಲ್ಲಿ ನಾನು ಬೇರೂರಿದ್ದು ಹೀಗೆ. ಮುಂದಿನ ವರ್ಷ ಉಪಾಧ್ಯಾಯಿನಿ ಮತ್ತೆ ಬಂದಾಗ ನಾನು ಮೂರನೆಯದರ ಬಸುರಿ. ಆಗುವುದಿಲ್ಲ ಎಂದು ನೇರವಾಗಿಯೇ ಹೇಳಿದೆ. ಅವರು ಮತ್ತೆ ಬರಲಿಲ್ಲ.

ತಂಗಿ ಈಗ ಹೊಸ ಅಗ್ರಹಾರದ ಹತ್ತಿರದ ಹಳ್ಳಿಯೊಂದರಲ್ಲಿ ಬೇಸಾಯಗಾರರ ಮನೆಯ ಸೊಸೆ. ಕಾಗದ ಬಂದರೆ ಓದಿಸಲು ಪಕ್ಕದ ಮನೆಗೆ ಹೋಗುತ್ತಾಳೆ. ಹೋದ ವರ್ಷ ಅವಳ ಮನೆಗೆ ಹೋಗಿದ್ದಾಗ, ಎಂಟು ವರ್ಷದ ಅವಳ ಮಗಳನ್ನು ನೋಡಿ ಕೇಳಿದೆ. "ಇವಳ್ನ ನಂಜೊತೆ ಕಳ್ಸೆ. ಓದುಸ್ತೀನಿ. ಈಗ ಮನೇಲಿ ಕೈಕೂಸು ಯಾವ್ದೂ ಇಲ್ಲ."

ತಂಗಿ ರಾಗಿ ಕೇರುತ್ತಿದ್ದಳು. "ಬ್ಯಾಡಕ್ಕ. ಈ ಊರ್ಗೂ ಇಸ್ಕೂಲು ಬಂದದೆ."

"ಇಲ್ಲಿ ನಾಕೇ ಕ್ಲಾಸು ಕಣೆ."

"ಗೊತ್ತು. ನಿನ್ ಮನೇಗೆ ಕಳ್ಸಕಿಲ್ಲ ಅಕ್ಕ."

ಸಿಟ್ಟಿನಿಂದ ಹೇಳಲಿಲ್ಲ, ಮೊರವನ್ನೂ ನಿಲ್ಲಿಸಲಿಲ್ಲ. ನಾನು ಹೂಂ ಎಂದೆ. ಹಾಗೆ ಹೇಳುವ ಹಕ್ಕು ಅವಳದು.

ಮಾರನೆಯ ಬೆಳಿಗ್ಗೆ ಅವಳ ಹಾಲುಗೂಸು ಹಟ ಹಿಡಿದು ಅಳುತ್ತಿತ್ತು. ಕೊಟ್ಟಿಗೆ ಕಸ ಹಾಗೇ ಬಿದ್ದಿತ್ತು, ನೀರೂ ತಂದಾಗಿರಲಿಲ್ಲ. ಮಗಳು ಸ್ಲೇಟು ಹಿಡಿದು, ತಮ್ಮನನ್ನು ಎತ್ತಿಕೊಳ್ಳಲೋ ಬೇಡವೋ ಎಂದು ಬಾಗಿಲಲ್ಲಿ ನಿಂತಿದ್ದಳು. ತಂಗಿ ಕೂಸನ್ನು ತಾನೇ ಕಂಕುಳಿಗೆತ್ತಿಕೊಂಡು, ಬಿಂದಿಗೆ ಹಿಡಿದ ಕೈಯಿಂದಲೇ ಮಗಳನ್ನು ಆಚೆಗೆ ನೂಕಿದಳು. "ಒತ್ತಾಯ್ತು, ಓಡು."