ಚಿಟ್ಟೆ ಎಲ್ಲಿ ಕೂತ್ಕೊಂತು?

ಹತ್ತಿ ಕಂಡರೆ ನನಗೆ ಅಮ್ಮ ನೆನಪಾಗುತ್ತಾಳೆ. ಹಾಗಂತ ಕಡೂರಿನ ಆಸ್ಪತ್ರೆಯಲ್ಲಿ, ಮೊಮ್ಮಗಳ ಪರೀಕ್ಷೆ ನಡೆಯುವಾಗಲೇ ನೆನಪಾಗಬೇಕೇ? ಹುಟ್ಟುವಾಗ ಕೂಸಿನ ಎಡಗೈ ನರಕ್ಕೆ ಪೆಟ್ಟಾಗಿತ್ತು. ಕೈ ಅಲ್ಲಾಡುತ್ತಿರಲಿಲ್ಲ. ಮುಟ್ಟಿದ್ದಾದರೂ ಅದಕ್ಕೆ ತಿಳಿಯುತ್ತದೆಯೇ ಎಂದು ನೋಡಲು ಥೆರಪಿಸ್ಟ್ ಹುಡುಗಿ ಒಂದೆಳೆ ಹತ್ತಿ ಹಿಡಿದು ಕೂತಿದ್ದಳು. ಮಾತು ಬಾರದ ಕೂಸನ್ನು ಏನಂತ ಕೇಳುವುದು, ನೀವೇ ಹೇಳಿ.

ನಮ್ಮಮ್ಮನಿಗೆ ಆ ಕಷ್ಟವಿರಲಿಲ್ಲ, ನಾನು ಹುಟ್ಟಾ ಬಾಯಿಬಡುಕಿ. ಅಜ್ಜಂಪುರದ ಮನೆಯಲ್ಲಿ ಸೋಮವಾರದ ಪೂಜೆಗೆ ಹೂಬತ್ತಿ ಹೊಸೆಯಲು ಕೂತರೆ ನನ್ನ ಕಣ್ಣು ಮುಚ್ಚಿಸುತ್ತಿದ್ದಳು. ಮೊಣಕೈಗೋ ಅಂಗಾಲಿಗೋ ಹತ್ತಿ ಸೋಕಿಸಿ, "ಚಿಟ್ಟೆ ಎಲ್ ಕೂತ್ಕೊಂತು ಹೇಳೇ?" ಅನ್ನುತ್ತಿದ್ದಳು. ಆಮೇಲೆ ನನ್ನ ಒಂದು ಕೈಯನ್ನು ಎತ್ತಿ, ಮಡಚಿ, "ಈ ಕೈ ಹೆಂಗೈತೆ? ಇನ್ನೊಂದ್ ಕೈಲಿ ತೋರ್ಸು." ಗೊತ್ತಿದ್ದೂ ನಾನು ತಪ್ಪು ಹೇಳುತ್ತಿದ್ದೆ. ಸರಿ ಹೇಳಿದರೆ ಆಟ ಮುಗಿದು ಅವಳು ಒಲೆಯ ಮುಂದೆ ಹೋಗಿಬಿಡುತ್ತಿದ್ದಳು. ಅದು ಅವಳಿಗೂ ಗೊತ್ತಿತ್ತು. "ಕಳ್ಳಿ ಕಣೇ ನೀನು" ಎಂದು ಇನ್ನೊಮ್ಮೆ ಮುಟ್ಟುತ್ತಿದ್ದಳು.

ಥೆರಪಿಸ್ಟ್ ಕೂಸಿನ ಅಂಗಾಲಿಗೆ ಹತ್ತಿ ತಾಗಿಸಿದಳು, ಕಾಲು ಸರಕ್ಕನೆ ಹಿಂದೆ ಹೋಯಿತು. ಎಡ ಅಂಗೈಗೆ ತಾಗಿಸಿದಳು. ಕೈ ಇದ್ದಲ್ಲೇ ಇತ್ತು. ಮನೆಯಲ್ಲಿ ಎಣ್ಣೆ ತಿಕ್ಕುವಾಗಲೂ ನೋವಾದೀತೆಂದು ಆ ಕೈಯನ್ನು ಮಡಿಬಟ್ಟೆಯ ಹಾಗೆ ನಾವ್ಯಾರೂ ಮುಟ್ಟುತ್ತಿರಲಿಲ್ಲ.

"ಗೊತ್ತಾಗ್ಲಿಲ್ಲ ಅಲ್ವೇನಮ್ಮಾ?" ಎಂದೆ.

"ಕೈ ನೋಡ್ಬೇಡಿ ಆಂಟಿ. ಎಳ್ಕೊಳೋಕೆ ಅದಕ್ಕಿನ್ನೂ ಶಕ್ತಿ ಇಲ್ಲ. ಮುಖ ನೋಡಿ."

ಕೂಸು ಬಲಗೈ ಮುಷ್ಟಿ ಚೀಪುತ್ತಿತ್ತು. ಎಡ ಅಂಗೈಗೆ ಮತ್ತೆ ಹತ್ತಿ ಸೋಕಿತು. ಚೀಪುವುದು ನಿಂತಿತು, ಕಣ್ಣು ಅಗಲವಾಯಿತು. ಹತ್ತಿ ತೆಗೆದ ಮೇಲೆ ಮತ್ತೆ ಚೀಪತೊಡಗಿತು. ಇನ್ನೊಮ್ಮೆ ಸೋಕಿಸಿದಾಗಲೂ ಹಾಗೆಯೇ. "ಗೊತ್ತಾಗ್ತೈತೆ ಕಣಮ್ಮಾ!" ಎಂದು ನನ್ನ ಮಗಳು ಅಲ್ಲೇ ಅತ್ತುಬಿಟ್ಟಳು.

ಕೈಗೆ ಬಲ ಎಷ್ಟು ಬರುತ್ತದೋ ಈಗಲೇ ಹೇಳಲಾಗದು, ದಿನಾ ಮುಟ್ಟಿ ಮಾತಾಡಿಸಿ ಎಂದು ಹುಡುಗಿ ಕಳಿಸಿದಳು.

ಈಗ ತರೀಕೆರೆಯ ನಮ್ಮ ಮನೆಯಲ್ಲಿ ಬತ್ತಿ ಹೊಸೆಯುವಾಗ ಕೂಸು ನನ್ನ ಪಕ್ಕದಲ್ಲೇ ಇರುತ್ತದೆ. ಎಡ ಅಂಗೈಗೆ ಹತ್ತಿ ಸೋಕಿಸಿ, "ಚಿಟ್ಟೆ ಎಲ್ ಕೂತ್ಕೊಂತು ಹೇಳೇ?" ಎನ್ನುತ್ತೇನೆ. ಅದು ಚೀಪುವುದನ್ನು ಬಿಟ್ಟು ನನ್ನನ್ನೇ ನೋಡುತ್ತದೆ. ಆಗ ನಾನು ಅಮ್ಮನ ಮುಂದೆ ಕೂತ ಹಾಗೆ ಒಂದು ಗಳಿಗೆ ಕಣ್ಣು ಮುಚ್ಚಿ ಕೂರುತ್ತೇನೆ.

ಒಂದೇ ಸಲ ಮುಟ್ಟಮ್ಮಾ, ಸಾಕು. ಈ ಸಲ ಸರಿಯಾಗೇ ಹೇಳ್ತೀನಿ.