ಮಾದಯ್ಯನವರ ಕೂಗು

ಬೆಳಿಗ್ಗೆ ಎದ್ದು ಬಾಗಿಲಿಗೆ ನೀರು ಹಾಕಿದೆ, ಹಾಲು ಕಾಯಿಸಿದೆ, ಇಡ್ಲಿಗೆ ಇಟ್ಟೆ, ಯಜಮಾನರ ಅಂಗಿಗೆ ಗುಂಡಿ ಹೊಲಿದೆ, ಮಹಡಿಯ ಮೇಲೆ ಮೆಣಸಿನಕಾಯಿ ಹರವಿದೆ. ಕೆಳಗಿಳಿಯುವಾಗ ಬೀದಿಯ ತಿರುವಿನಲ್ಲಿ ಪಕ್ಕದ ಮನೆಯ ಮಾದಯ್ಯನವರ ದನಿ ಕೇಳಿಸಿತು. ಅವರು ತೀರಿಕೊಂಡು ಎರಡು ತಿಂಗಳಾಗಿದೆ. ತರಕಾರಿ ಆಟೋ ಬಂತೆಂದು ಬುಟ್ಟಿ ತೆಗೆದುಕೊಂಡೆ.

ಮಾದಯ್ಯನವರು ಮಳವಳ್ಳಿಯ ಕೋರ್ಟಿನಲ್ಲಿ ಹೆಸರು ಕೂಗುವ ಜವಾನರಾಗಿದ್ದರು. ಆಳು ಸಣಕಲು, ದನಿ ಮಾತ್ರ ರಸ್ತೆಯಾಚೆಗೂ ಮುಟ್ಟುತ್ತಿತ್ತು. ಎದುರಿನ ಹೋಟೆಲಿನಲ್ಲಿ ಕೂತ ಕಕ್ಷಿದಾರರು ಮೂರನೆಯ ಕೂಗಿಗೆ ಅರ್ಧ ದೋಸೆ ಬಿಟ್ಟು ಓಡಿ ಬರುತ್ತಿದ್ದರಂತೆ. ನಿವೃತ್ತರಾದ ಮೇಲೆ ನಾಲ್ಕು ತಿಂಗಳು ಸುಮ್ಮನೆ ಜಗಲಿಯ ಮೇಲೆ ಕೂತರು. ಒಂದು ದಿನ ನನಗೆ ಹೇಳಿದರು: "ಮೂವತ್ತು ವರ್ಸ ನಾನು ಕೂಗುದ್ರೆ ಜನ ಎದ್ದು ಬರೋರು ಕಣಮ್ಮ. ಈಗ ಕೂಗುದ್ರೆ ಕಾಪೀನೂ ಬರಕಿಲ್ಲ."

"ಕಾಪಿ ಬೇಕಾದೋರು ಒಳೀಕ್ ಬರ್ಬೇಕು. ಇದೇನು ಕೋರ್ಟಾ?" ಎಂದರು ಒಳಗಿನಿಂದ ಅವರ ಹೆಂಡತಿ ನಿಂಗಮ್ಮ.

ಆಗಲೇ, ಬಸರಾಳು ಊರಿನಿಂದ ತರಕಾರಿ ತರುವ ಸಿದ್ದರಾಜು ಕೂಗಿ ಕೂಗಿ ಗಂಟಲು ಕಟ್ಟಿ, ಆಟೋಗೊಂದು ಸ್ಪೀಕರ್ ಹಾಕಿಸಿದ್ದ. ಅದಕ್ಕೆ ದನಿ ಕೊಡುವ ಕೆಲಸವನ್ನು ಮಾದಯ್ಯನವರು ಹಿಡಿದರು. ಬೀದಿ ಸದ್ದು ಸೇರಬಾರದೆಂದು ಕಂಬಳಿ ಹೊದ್ದು, ಫೋನಿನಲ್ಲಿ ರೆಕಾರ್ಡಿಗಿಟ್ಟು, ಕೋರ್ಟಿನ ಧಾಟಿಯಲ್ಲೇ ಕೂಗಿದರು: "ಬಸರಾಳು ಬದನೆಕಾಯಿ! ಬಸರಾಳು ಬದನೆಕಾಯಿ! ಬಸರಾಳು ಬದನೆಕಾಯಿ! ಹಾಜರ್!"

ನಮ್ಮ ಬೀದಿಯಲ್ಲಿ ಜಮೀನಿನ ದಾವೆ ಇಲ್ಲದ ಮನೆಗಳು ಎರಡೇ. ದನಿ ಕೇಳಿದ್ದೇ ಗಂಡಸರು ಹಿತ್ತಲ ಬಾಗಿಲಿನಿಂದ ಹೊರಟರು. ಒಬ್ಬರು ವಕೀಲರಿಗೆ ಫೋನು ಮಾಡಿದರು. ಸಂಜೆ ಸಿದ್ದರಾಜು ಬಂದ.

"ನಂಗೆ ಗಿರಾಕಿ ಬೇಕು ಕಣಣ್ಣ, ಆರೋಪಿಗಳಲ್ಲ. ಬ್ಯಾರೆಯೋರ ತಾವ ಮಾಡುಸ್ಕತೀನಿ ಬುಡು."

ಎರಡು ದಿನ ಮಾದಯ್ಯನವರು ಜಗಲಿಗೂ ಬರಲಿಲ್ಲ. ಮೂರನೆಯ ದಿನ ನಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಬನ್ನಿ ಅನ್ನೋದು ಎಂಗಮ್ಮ?" ಎಂದು ಕೇಳಿದರು.

"ಹಂಗಂದ್ರೆ?"

"ಸರ್ವೀಸಲ್ಲಿ ಯಾರ್ನೂ ಬನ್ನಿ ಅಂದಿಲ್ಲ."

ಅಕ್ಕಿ ಆರಿಸುತ್ತಲೇ ಹೇಳಿಕೊಟ್ಟೆ. ಅವರು ಹೇಳಿದರು. ಬೆಕ್ಕು ಮಂಚದಡಿಗೆ ಹೋಯಿತು. ನಾಲ್ಕು ದಿನ ಹೀಗೇ ನಡೆಯಿತು. ಕೊನೆಗೆ ನಿಂಗಮ್ಮ, "ನನ್ನ ಉಣ್ಣಕ್ಕೆ ಕರೀರಿ, ನೋಡಾನ" ಎಂದರು. ಮದುವೆಯಾಗಿ ಅಷ್ಟು ವರ್ಷಕ್ಕೆ ಅದು ಮೊದಲ ಸಲವಂತೆ. ಸ್ವಲ್ಪ ತಡವರಿಸಿ ಕರೆದರು. ದನಿ ಇಳಿದಿತ್ತು. ಅದೇ ದನಿಯಲ್ಲಿ ಬದನೆಕಾಯಿಯನ್ನೂ ಕೂಗಿಸಿದೆವು. ಮೂರು ಸಲ ಕೂಗುವುದನ್ನು ಮಾತ್ರ ಬಿಡಲೊಲ್ಲರು. "ಅದು ಕಾನೂನು ಕಣಮ್ಮ."

ಸಿದ್ದರಾಜು ಒಪ್ಪಿದ. ಆಮೇಲೆ ಕೊಪ್ಪದ ಮೀನಿನವರು, ಭಾರತೀನಗರದ ಹಳೇ ಕಬ್ಬಿಣದವರು, ಮದ್ದೂರಿನ ಪ್ಲಾಸ್ಟಿಕ್ ಬಿಂದಿಗೆಯವರು ಬಂದರು. ಮಾದಯ್ಯನವರು ಪ್ರತಿ ಊರಿಗೂ ಬಸ್ಸಿನಲ್ಲಿ ಹೋಗಿ, ಕಡೇ ಮನೆಯ ಹತ್ತಿರ ನಿಂತು ಕೇಳಿ ಬರುತ್ತಿದ್ದರು. "ಕಡೇ ಮನೆಗೆ ಕೇಳ್ನಿಲ್ಲ ಅಂದ್ರೆ ಕಾಸು ವಾಪಸ್ಸು" ಎನ್ನುತ್ತಿದ್ದರು. ದರ ಬದಲಾದಾಗಲೆಲ್ಲ ಹೊಸದಾಗಿ ಕೂಗಲು ಮತ್ತೆ ಕಂಬಳಿ ಹೊದೆಯುತ್ತಿದ್ದರು. ಹೀಗೆ ಕಳೆದ ಮೂರು ವರ್ಷ ಅವರು ಜಗಲಿಯ ಮೇಲೆ ಕೂತದ್ದನ್ನು ನಾನು ಕಾಣಲಿಲ್ಲ. ಎದೆನೋವು ಬಂದದ್ದೂ ಮದ್ದೂರಿನಿಂದ ಬಂದ ಮಧ್ಯಾಹ್ನವೇ.

ಇವತ್ತು ಆಟೋ ನಿಂತಾಗ ಮಾದಯ್ಯನವರು ಹತ್ತು ರೂಪಾಯಿಗೆ ಕಾಲು ಕೆಜಿ ಬದನೆಕಾಯಿ ಎನ್ನುತ್ತಿದ್ದರು.

"ಹದಿನೈದಾಗದೆ ಅಕ್ಕ" ಎಂದ ಸಿದ್ದರಾಜು. "ಈ ಕೂಗು ಹಳೇದಾಯ್ತು. ನಾಳೆ ಬ್ಯಾರೆಯೋರ ಕೈಲಿ ಮಾಡುಸ್ಬೇಕು."

ನಿಂಗಮ್ಮ ಚೀಲ ಹಿಡಿದು ಹಿಂದೆಯೇ ನಿಂತಿದ್ದರು. "ಅವ್ರ ಬಾಯಲ್ಲಿ ಹತ್ತು ಅಂತ ಬಂದದೆ. ಹದಿನೈದು ಅನ್ನಕ್ಕೆ ನೀನ್ಯಾವನ್ಲಾ?"

"ಹಂಗಾದ್ರೆ ನಾನೇನು ತಿನ್ಲಿ ಕಣಕ್ಕ?"

"ಬದ್ನೆಕಾಯ್ ತಿನ್ನು."

ಸಿದ್ದರಾಜು ಸ್ಪೀಕರ್ ನೋಡಿದ, ತಕ್ಕಡಿ ತೆಗೆದ. ಆಮೇಲೆ ಹತ್ತಕ್ಕೇ ತೂಗಿದ, ನನಗೂ. ಕೂಗು ಬದಲಿಸುವ ಮಾತನ್ನು ಮತ್ತೆ ಎತ್ತಲಿಲ್ಲ. ಆಟೋ ಹಾಗೆಯೇ ಕೂಗಿಕೊಂಡು ಮುಂದಿನ ಬೀದಿಗೆ ಹೋಯಿತು.

ರಾತ್ರಿ ಮುದ್ದೆ, ಬದನೆಕಾಯಿ ಸಾರು. ಎರಡು ತಿಂಗಳಿನಿಂದ ನಿಂಗಮ್ಮ ನಮ್ಮಲ್ಲೇ ಮಲಗುತ್ತಾರೆ. ಮಲಗುವುದೆಂದರೆ ಸೂರು ನೋಡುವುದು. ಇವತ್ತು ಎರಡು ಸಲ ಸಾರು ಬಡಿಸಿಕೊಂಡರು. ಮೊದಲು ನಿದ್ದೆ ಹೋದವರೂ ಅವರೇ.