ಆರತಿ ತಟ್ಟೆ ಹಿಡಿಯದ ಮೇಡಂ

ನಮ್ಮ ಕೆಮಿಸ್ಟ್ರಿ ಮೇಡಂ ಅವರ ಬೆರಳ ತುದಿಗಳು ಸದಾ ಹಳದಿಯಾಗಿರುತ್ತಿದ್ದವು. ನೋಡಿದವರು ಅರಿಶಿನವೆಂದುಕೊಳ್ಳುತ್ತಿದ್ದರು. ಅದು ನೈಟ್ರಿಕ್ ಆಸಿಡ್ಡಿನ ಕಲೆ. ಮಹಾರಾಷ್ಟ್ರದ ಉದಗೀರದ ಆ ಕಾಲೇಜಿನ ವಿಜ್ಞಾನ ವಿಭಾಗಗಳಲ್ಲೆಲ್ಲ ಅವರೊಬ್ಬರೇ ಹೆಂಗಸು. ಪಾಠ ಮರಾಠಿ, ಇಂಗ್ಲಿಷಿನಲ್ಲಿ. ದಾಳಿಂಬವೆಂಬ ಕನ್ನಡ ಮಾತಿನ ಹಳ್ಳಿಯಿಂದ ಬಂದ ನಾನು ಕಣ್ಣು ಪಿಳಿಪಿಳಿ ಬಿಟ್ಟರೆ ಮಾತ್ರ ಕನ್ನಡಕ್ಕಿಳಿದು, "ತಿಳೀಲಿಲ್ಲಂದ್ರ ಸುಮ್ನ ತಲಿ ಅಲ್ಲಾಡಸಬ್ಯಾಡವಾ, ಕೇಳು" ಎನ್ನುತ್ತಿದ್ದರು.

ಓದಿನಲ್ಲಿ, ಸೇವೆಯಲ್ಲಿ ಅವರೇ ಹಿರಿಯರು. ಆದರೆ ವಿಭಾಗದ ಮುಖ್ಯಸ್ಥರು ನಿವೃತ್ತರಾದಾಗ ಆ ಕುರ್ಚಿ ಸಿಕ್ಕಿದ್ದು ಮೇಡಂ ಅವರ ಹಳೆಯ ವಿದ್ಯಾರ್ಥಿಗೆ. "ಮೀಟಿಂಗ್ ಮುಗ್ಯೂದು ಹೊತ್ತಾಗ್ತದ, ನಿಮಗ ಮನಿ ಅದ" ಎಂದರಂತೆ ಪ್ರಾಂಶುಪಾಲರು. ಕುರ್ಚಿ ಸಿಕ್ಕ ಆ ಮಹಾಶಯನಿಗೇನು ಮನೆ ಇರಲಿಲ್ಲವೇ? ಬಯಲಲ್ಲಿ ಮಲಗುತ್ತಿದ್ದನೇ? ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ಮನೆಯ ನೆಪ ಹೇಳಿದವರೇ ಅತಿಥಿಗಳು ಬರುವ ದಿನ ಮೇಡಂ ಅವರನ್ನು ನಸುಕಿನಲ್ಲೇ ಕರೆಸುತ್ತಿದ್ದರು. ರಂಗೋಲಿ ಹಾಕಬೇಕಲ್ಲ, ಆರತಿ ಬೆಳಗಬೇಕಲ್ಲ! ಒಂದು ವಿಜ್ಞಾನ ದಿನಕ್ಕೆ ಹೈದರಾಬಾದಿನಿಂದ ವಿಜ್ಞಾನಿಯೊಬ್ಬರು ಬಂದರು. ವಾರವಿಡೀ ನಿಂತು ಪ್ರಯೋಗಗಳನ್ನು ಜೋಡಿಸಿದವರು ಮೇಡಂ, ವಿವರಿಸಲು ಸಜ್ಜಾದವನು ಹೊಸ ಮುಖ್ಯಸ್ಥ. ಪ್ರಾಂಶುಪಾಲರು ಬಾಗಿಲಲ್ಲೇ ಆರತಿ ತಟ್ಟೆ ಚಾಚಿ, "ಮೇಡಂ, ಲವಕರ, ಲಗೂನ ಬರ್ರಿ, ಪಾವ್ಣೇರು ನಿಂತಾರ" ಎಂದರು.

ಮೇಡಂ ತಟ್ಟೆ ಇಸಿದುಕೊಂಡು ಸೀದಾ ಮುಖ್ಯಸ್ಥನ ಕೈಗಿಟ್ಟರು.

"ವಿಭಾಗಕ್ಕ ದೊಡ್ಡವರು ನೀವಲ್ರೀ ಸರ್? ನೀವ ಬೆಳಗ್ರಿ. ಪ್ರಯೋಗ ನಾ ತೋರಸ್ತೀನಿ."

ಅವನು ಇಂಗು ತಿಂದ ಮಂಗನಂತೆ ನಿಂತಿದ್ದ. ಮೇಡಂ ಅತಿಥಿಯನ್ನು ಕರೆದುಕೊಂಡು ಲ್ಯಾಬಿಗೆ ನಡೆದೇಬಿಟ್ಟರು. ನಾವು ಹುಡುಗಿಯರು ಹಿಂದೆಯೇ ಓಡಿದೆವು.

ಅಂದಿನಿಂದ ಅವರಿಗೆ 'ಸೊಕ್ಕಿನ ಹೆಂಗಸು' ಎಂಬ ಬಿರುದು. ನಿವೃತ್ತಿಯವರೆಗೂ ಆ ಕುರ್ಚಿ ಅವರಿಗೆ ಬರಲಿಲ್ಲ. ನಾನು ಸಂಶೋಧನೆಗೆಂದು ಪುಣೆಗೆ ಹೊರಟಾಗ ಹೇಳಿದ್ದರು: "ಸೊಕ್ಕಂತಾರ, ಅನ್ನಲಿ. ನಿನ್ನ ಜಾಗಾ ಬಿಡಬ್ಯಾಡ." ಅಲ್ಲಿನ ಲ್ಯಾಬಿನಲ್ಲೂ ನಾನೊಬ್ಬಳೇ ಹುಡುಗಿಯಾಗಿದ್ದೆ. ಆ ಮಾತಿಲ್ಲದಿದ್ದರೆ ಎಂದೋ ಊರಿಗೆ ಮರಳಿರುತ್ತಿದ್ದೆ.

ಹೋದ ವರ್ಷ ಮೇಡಂ ತೀರಿಕೊಂಡರು. ಕಾಲೇಜಿನಲ್ಲಿ ಶ್ರದ್ಧಾಂಜಲಿ ಸಭೆ. ಈಗ ಪ್ರಾಂಶುಪಾಲನಾಗಿರುವ ಅದೇ ಶಿಷ್ಯ ಮೈಕಿನ ಮುಂದೆ ಕಣ್ಣೊರೆಸಿಕೊಂಡು, "ನಮಗೆಲ್ಲ ತಾಯಿ ಇದ್ದಂಗ ಇದ್ರು" ಎಂದ. ನನಗೆ ತಡೆಯಲಾಗಲಿಲ್ಲ.

"ತಾಯಿ ಅಲ್ರೀ, ಕೆಮಿಸ್ಟ್ ಇದ್ರು! ಅವರ ಕುರ್ಚಿ ಮ್ಯಾಲ ನೀವು ಕುಂತಿದ್ರಿ. ಅದನ್ನ ಹೇಳ್ರಿ!"

ಅವನು ಗಡಬಡಿಸಿ, ಎಲ್ಲರೂ ಎದ್ದು ಎರಡು ನಿಮಿಷ ಮೌನ ಆಚರಿಸಬೇಕೆಂದ. ಎಲ್ಲರೂ ಎದ್ದರು, ತಲೆ ತಗ್ಗಿಸಿದರು. ಸುಮ್ಮನಿರುವುದು ಆ ಜನಕ್ಕೆ ಮೊದಲಿಂದಲೂ ರೂಢಿ. ಆ ಎರಡು ನಿಮಿಷವೂ ನಾನು ಮಾತಾಡುತ್ತಲೇ ಇದ್ದೆ.